ಹಾಡಿಯ ಮಕ್ಕಳಿಗೆ ಹಾಡಿಯವರೇ ಒಬ್ಬ ಟೀಚರ್ ಕೊಡಿ

ಮಾನ್ಯ ಪರಿಶಿಷ್ಟ ವರ್ಗಗಳ ಕಲ್ಯಾಣ ಸಚಿವರಿಗೆ ಮತ್ತು
ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ

ಮಾನ್ಯರೇ,

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ನಾನು ಹೇಳಬೇಕಾದ ಮಕ್ಕಳು, ಅಂದರೆ ಹಾಡಿ ಎನ್ನುವ ಕಾಡಂಚಿನ ಊರುಗಳ ಆದಿವಾಸಿ ಮಕ್ಕಳು, ನಿಮ್ಮಿಬ್ಬರ ಇಲಾಖೆಗಳ ನಡುವೆ ಕೈತಪ್ಪಿ ಹೋಗುತ್ತಿದ್ದಾರೆ. ಒಂದರಿಂದ ಐದು ಅಥವಾ ಏಳನೇ ತರಗತಿವರೆಗೆ ಅವರು ಕಲ್ಯಾಣ ಇಲಾಖೆಯ ಆಶ್ರಮ ಶಾಲೆಯ ಮಕ್ಕಳು. ಅಲ್ಲಿಂದಾಚೆಗೆ ಹೆಚ್ಚಿನವರು ಶಿಕ್ಷಣ ಇಲಾಖೆಯ ಶಾಲೆಗೆ ಬರಬೇಕು. ನಡುವೆ ಒಂದು ಬೇಸಿಗೆ ರಜೆ ಬರುತ್ತದೆ. ರಜೆ ಮುಗಿದ ಮೇಲೆ ಎಷ್ಟೋ ಮಕ್ಕಳು ಯಾವ ಇಲಾಖೆಯ ಶಾಲೆಗೂ ಬರುವುದಿಲ್ಲ.

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಪ್ರತಿ ಜೂನ್‌ನಲ್ಲಿ ಆಶ್ರಮ ಶಾಲೆಯಿಂದ ಬರಬೇಕಾದ ಮಕ್ಕಳ ಪಟ್ಟಿ ನಮ್ಮ ಕೈಗೆ ಬರುತ್ತಿತ್ತು. ಪಟ್ಟಿ ಪೂರ್ತಿ ಬರುತ್ತಿತ್ತು, ಮಕ್ಕಳು ಪೂರ್ತಿ ಬರುತ್ತಿರಲಿಲ್ಲ. ಹುಡುಕಿಕೊಂಡು ಹಾಡಿಗೆ ಹೋದರೆ ಮನೆ ಮುಂದೆ ಅಜ್ಜಿ ಒಬ್ಬಳೇ ಕೂತಿರುತ್ತಿದ್ದಳು. "ಕೊಡಗಿಗೆ ಹೋಗವ್ರೆ ಕಣವ್ವ, ತೋಟದ ಕೆಲ್ಸಕ್ಕೆ" ಅನ್ನುತ್ತಿದ್ದಳು. ಅಪ್ಪ ಅಮ್ಮನ ಜೊತೆ ಮಗುವೂ ಹೋಗಿರುತ್ತಿತ್ತು. ದೊಡ್ಡವಳಾದ ಹುಡುಗಿಯಾಗಿದ್ದರೆ ಕೆಲವೊಮ್ಮೆ ಮದುವೆ ಆಗಿರುತ್ತಿತ್ತು.

2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದ ಪರಿಶಿಷ್ಟ ವರ್ಗಗಳ ಜನಸಂಖ್ಯೆ 42 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಜೇನು ಕುರುಬರು ಸುಮಾರು 36 ಸಾವಿರ. ಕರಾವಳಿಯ ಕೊರಗರು 15 ಸಾವಿರವೂ ಇಲ್ಲ. ಇವೆರಡನ್ನೂ ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಗೆ ಸೇರಿಸಿದೆ. ದೇಶದಲ್ಲಿ ಅಂಥವು 75 ಸಮುದಾಯಗಳಿವೆ. ಬೆಟ್ಟ ಕುರುಬ, ಯರವ, ಪಣಿಯ, ಸೋಲಿಗ, ಹಸಲರು, ಮಲೆಕುಡಿಯ ಮಕ್ಕಳು ಆ ಪಟ್ಟಿಯಲ್ಲಿಲ್ಲ, ಆದರೆ ಅವರ ಪಾಡೂ ಬೇರೆ ಅಲ್ಲ. ಸಂಖ್ಯೆ ಕಡಿಮೆ ಇರುವುದರಿಂದ ಇವರ ಮಾತು ವಿಧಾನಸೌಧದವರೆಗೆ ಬರುವುದು ಕಷ್ಟ. ಆದರೆ ಅದೇ ಕಾರಣಕ್ಕೆ ಇವರ ಮಕ್ಕಳನ್ನು ಹೆಸರು ಹಿಡಿದು ಗುರುತಿಟ್ಟುಕೊಂಡು ಓದಿಸುವುದು ಸರ್ಕಾರಕ್ಕೆ ದೊಡ್ಡ ಕೆಲಸವೇನೂ ಅಲ್ಲ.

ಏಳನೇ ತರಗತಿ ಮುಗಿಸಿ ಶಾಲೆ ಬಿಡುವ ಮಗು, ಮನಸ್ಸಿನಲ್ಲಿ ಶಾಲೆ ಬಿಟ್ಟಿರುವುದು ಒಂದನೇ ತರಗತಿಯಲ್ಲೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಆಶ್ರಮ ಶಾಲೆ ಎಂದರೆ ಊಟ, ವಸತಿ, ಪಾಠ ಎಲ್ಲವೂ ಒಂದೇ ಕಡೆ. ಒಳ್ಳೆಯ ಉದ್ದೇಶದಿಂದಲೇ ಕಟ್ಟಿದ್ದು. ಎಷ್ಟೋ ಹಾಡಿಗಳಿಗೆ ಹತ್ತಿರದಲ್ಲಿ ಬೇರೆ ಶಾಲೆಯೇ ಇಲ್ಲ, ದಾರಿಯಲ್ಲಿ ಆನೆ ಕಾಟ. ಆದರೆ ಆರು ವರ್ಷದ ಮಗುವನ್ನು ಅಮ್ಮನ ಪಕ್ಕದಿಂದ ಎಬ್ಬಿಸಿ ಹಾಸ್ಟೆಲಿನಲ್ಲಿ ಮಲಗಿಸುವುದು ಸಣ್ಣ ವಿಷಯ ಅಲ್ಲ. ಮೈಸೂರು, ಬೆಂಗಳೂರಿನ ಅಪ್ಪ ಅಮ್ಮ ಇದಕ್ಕೆ ಒಪ್ಪುತ್ತಾರಾ? ಹಾಡಿಯವರು ಒಪ್ಪಿದ್ದಾರೆ, ಬೇರೆ ದಾರಿ ಇಲ್ಲದೆ. ಹಬ್ಬಕ್ಕೆಂದು ಮಗುವನ್ನು ಕರೆದುಕೊಂಡು ಹೋದವರು ವಾಪಸ್ ಬಿಡಲು ಹಿಂದೆಮುಂದೆ ನೋಡಿದರೆ "ಇವರಿಗೆ ಓದಿನ ಬೆಲೆ ಗೊತ್ತಿಲ್ಲ" ಎಂದುಬಿಡುತ್ತೇವೆ.

ಇನ್ನು ಮಾತು. ಜೇನು ಕುರುಬರ ಮಾತು ಕನ್ನಡಕ್ಕೆ ಹತ್ತಿರ. ಹತ್ತಿರ ಇರುವುದರಿಂದಲೇ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಗುವಿಗೆ ಕನ್ನಡ ಬರುತ್ತದೆ ಎಂದುಕೊಂಡೇ ಟೀಚರ್ ಪಾಠ ಶುರು ಮಾಡುತ್ತಾರೆ. ಅರ್ಧ ಅರ್ಥವಾಗಿ ಅರ್ಧ ಅರ್ಥವಾಗದ ಮಗು ಸುಮ್ನೆ ಕೂರುತ್ತದೆ. ದಡ್ಡ ಎಂಬ ಹೆಸರು ಬೀಳುತ್ತದೆ. ಯರವರ ಮಾತು ಮಲಯಾಳಕ್ಕೆ ಹತ್ತಿರ. ಆ ಮಕ್ಕಳಿಗೆ ಒಂದನೇ ತರಗತಿಯ ಪುಸ್ತಕ ಇನ್ನೂ ದೂರ.

ಒಂದು ಆಶ್ರಮ ಶಾಲೆಯಲ್ಲಿ ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ, ಆ ಟೀಚರ್ ಕೂಡ ಒಳ್ಳೆಯವರೇ. ಒಂದನೇ ತರಗತಿಯಲ್ಲಿ ಹಾಜರಿ ಕೂಗುತ್ತಿದ್ದರು. ಒಂದು ಹೆಸರು ಮೂರು ಸಲ ಕೂಗಿದರೂ ಉತ್ತರ ಇಲ್ಲ. ಗೈರು ಎಂದು ಬರೆಯಲು ಹೊರಟಾಗ ಬಾಗಿಲ ಹತ್ತಿರ ತರಕಾರಿ ಹೆಚ್ಚುತ್ತಿದ್ದ ಅಡುಗೆ ಸಹಾಯಕಿ, ಆಕೆಯೂ ಹಾಡಿಯವಳೇ, ಬೇರೊಂದು ಹೆಸರು ಹಿಡಿದು ಕೂಗಿದಳು. ಎರಡನೇ ಸಾಲಿನಲ್ಲಿದ್ದ ಹುಡುಗ ತಟ್ಟನೆ ಎದ್ದು ನಿಂತ. ಮನೆಯಲ್ಲಿ ಅವನನ್ನು ಕರೆಯುವ ಹೆಸರು ಅದು. ರಿಜಿಸ್ಟರಿನ ಹೆಸರು ಸೇರಿಸುವಾಗ ಯಾರೋ ಬರೆಸಿದ್ದು, ಅದು ತನ್ನದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಗಮನಿಸಿದೆ. ಮಗುವಿಗೆ ಹೊಟ್ಟೆನೋವು ಬಂದರೆ ಅದು ಹೋಗುತ್ತಿದ್ದದ್ದು ಆಕೆಯ ಹತ್ತಿರ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ಆಕೆಗೇ ಹೇಳುತ್ತಿತ್ತು. ಟೀಚರ್ ಕೂಡ "ಇವನು ಏನಂತಿದಾನೆ ಕೇಳಮ್ಮ" ಎಂದು ಆಕೆಯನ್ನೇ ಕರೆಯುತ್ತಿದ್ದರು. ಆ ಶಾಲೆಯ ಅರ್ಧ ಪಾಠ ನಡೆಯುತ್ತಿದ್ದದ್ದು ಆಕೆಯಿಂದ. ಸಂಬಳ ಮಾತ್ರ ತರಕಾರಿ ಹೆಚ್ಚಿದ್ದಕ್ಕೆ.

ನನ್ನ ಬೇಡಿಕೆ ಇಲ್ಲಿಂದಲೇ ಬಂದದ್ದು. ಆ ಹೆಣ್ಣುಮಗಳು ಮಾಡುತ್ತಿದ್ದ ಕೆಲಸವನ್ನು ಸರ್ಕಾರ ಒಂದು ಹುದ್ದೆ ಎಂದು ಒಪ್ಪಿಕೊಳ್ಳಬೇಕು. ಆದಿವಾಸಿ ಮಕ್ಕಳಿರುವ ಪ್ರತಿ ಆಶ್ರಮ ಶಾಲೆಯಲ್ಲೂ, ಹಾಡಿ ಮತ್ತು ಪೋಡುಗಳ (ಸೋಲಿಗರ ಊರುಗಳ) ಮಕ್ಕಳು ಹೋಗುವ ಪ್ರತಿ ಸರ್ಕಾರಿ ಶಾಲೆಯಲ್ಲೂ, ಒಂದರಿಂದ ಮೂರನೇ ತರಗತಿಗೆ ಆ ಸಮುದಾಯದ್ದೇ ಒಬ್ಬ ಯುವಕ ಅಥವಾ ಯುವತಿ ಟೀಚರ್ ಆಗಿ ಇರಬೇಕು. ಮಗುವಿನ ಮಾತಿನಲ್ಲಿ ಶುರು ಮಾಡಿ ನಿಧಾನವಾಗಿ ಕನ್ನಡಕ್ಕೆ ಕರೆತರುವುದು ಅವರ ಕೆಲಸ. ಹತ್ತು ತಿಂಗಳ ಗೌರವಧನದ ಅತಿಥಿ ಶಿಕ್ಷಕರಾಗಿ ಬೇಡ. ಜೂನ್‌ನಲ್ಲಿ ಬಂದು ಏಪ್ರಿಲ್‌ನಲ್ಲಿ ಹೋಗುವವರ ಮೇಲೆ ಮಗು ನಂಬಿಕೆ ಇಡುವುದು ಹೇಗೆ? ಹುದ್ದೆ ಕಾಯಂ ಆಗಿರಬೇಕು.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ಯೋಚನೆಯೇನಲ್ಲ. ಮಗುವಿನ ಮಾತೃಭಾಷೆಯಲ್ಲೇ, ಸಾಧ್ಯವಾದಷ್ಟೂ, ಕಲಿಸಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಅದಕ್ಕೆ ಅನುಕೂಲ ಮಾಡಿಕೊಡುವುದನ್ನು ರಾಜ್ಯಗಳ ಹೊಣೆ ಮಾಡಿದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯಲ್ಲಿ ಮೂಲನಿವಾಸಿ ಮಕ್ಕಳಿಗೆ ತಮ್ಮ ಭಾಷೆ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು ಇದೆ. ಕಾಗದದ ಮೇಲೆ ಎಲ್ಲವೂ ಇದೆ.

ಮಾಡಿ ತೋರಿಸಿದವರೂ ಇದ್ದಾರೆ. ನಮ್ಮ ತಾಲ್ಲೂಕಿನ ಕೊನೆಯಲ್ಲಿ ಡಿ.ಬಿ. ಕುಪ್ಪೆ ಇದೆ, ಅಲ್ಲೇ ಬಾವಲಿ. ಹೊಳೆ ದಾಟಿದರೆ ಕೇರಳದ ವಯನಾಡು. ಇಲ್ಲಿ ಯರವರು ಎನಿಸಿಕೊಂಡವರು ಅಲ್ಲಿ ಅಡಿಯರು. ಪಣಿಯರು ಎರಡೂ ಕಡೆ ಇದ್ದಾರೆ. ಕೇರಳ ಸರ್ಕಾರ 2017ರಲ್ಲಿ ಗೋತ್ರಬಂಧು ಎಂಬ ಯೋಜನೆ ತಂದು, ಶಿಕ್ಷಕ ತರಬೇತಿ ಪಡೆದ 200ಕ್ಕೂ ಹೆಚ್ಚು ಆದಿವಾಸಿ ಯುವಕ ಯುವತಿಯರನ್ನು ವಯನಾಡಿನ ಪ್ರಾಥಮಿಕ ಶಾಲೆಗಳಿಗೆ ನೇಮಿಸಿತು. ಮಗು ಶಾಲೆಗೆ ಬರದಿದ್ದರೆ ಮನೆಗೆ ಹೋಗಿ ವಿಚಾರಿಸುವುದು, ತರಗತಿಯಲ್ಲಿ ಅದರ ಮಾತಿನಲ್ಲೇ ವಿವರಿಸುವುದು ಅವರ ಕೆಲಸ. ಒಡಿಶಾ ಸರ್ಕಾರ 2007ರ ಸುಮಾರಿಗೇ ಹತ್ತು ಬುಡಕಟ್ಟು ಭಾಷೆಗಳಲ್ಲಿ ಒಂದನೇ ತರಗತಿಯ ಪಾಠ ಶುರು ಮಾಡಿತು, ಆಮೇಲೆ ಅದನ್ನು 21 ಭಾಷೆಗಳಿಗೆ ಬೆಳೆಸಿತು. ನಮ್ಮಲ್ಲಿ ಮೈಸೂರಿನಲ್ಲೇ ಬುಡಕಟ್ಟು ಸಂಶೋಧನಾ ಸಂಸ್ಥೆ ಇದೆ. ಭಾರತೀಯ ಭಾಷಾ ಸಂಸ್ಥಾನವೂ ಅಲ್ಲೇ ಇದೆ. ಜೇನುನುಡಿ, ಸೋಲಿಗನುಡಿ, ಯರವ ಭಾಷೆಯಲ್ಲಿ ಕನ್ನಡ ಲಿಪಿಯ ಚಿತ್ರಪುಸ್ತಕಗಳನ್ನು ಮಾಡಿಕೊಡುವಷ್ಟು ತಿಳಿದವರು ನಮ್ಮ ಪಕ್ಕದಲ್ಲೇ ಇದ್ದಾರೆ, ಅಲ್ವಾ?

ಇದರಿಂದ ಕನ್ನಡಕ್ಕೆ ಏಟು ಬೀಳುತ್ತದೆ ಎಂದು ಯಾರಾದರೂ ನಿಮ್ಮ ಹತ್ತಿರ ಬಂದು ಹೇಳಬಹುದು. ಬದುಕಿಡೀ ಕನ್ನಡ ಕಲಿಸಿದವಳಾಗಿ ಹೇಳುತ್ತೇನೆ, ಎಂಟನೇ ತರಗತಿಗೆ ಬಂದಾಗಲೂ ಒಂದು ಪ್ಯಾರಾ ತಡವರಿಸದೆ ಓದಲಾಗದ ಮಕ್ಕಳನ್ನು ನಾನು ನೋಡಿದ್ದೇನೆ. ಏಳು ವರ್ಷ ಕನ್ನಡದಲ್ಲೇ ಪಾಠ ಕೇಳಿದ ಮಕ್ಕಳು ಅವರು. ಮೊದಲ ಎರಡು ವರ್ಷ ಅವರಿಗೆ ತಿಳಿಯುವ ಹಾಗೆ ಹೇಳಿಕೊಡುವವರು ಇದ್ದಿದ್ದರೆ ಕನ್ನಡಕ್ಕೆ ಅಷ್ಟೂ ಜನ ಓದುಗರು ಜಾಸ್ತಿ ಆಗುತ್ತಿದ್ದರು.

"ಓದಿದವರು ಎಲ್ಲಿದ್ದಾರೆ?" ಎಂಬುದು ಅಧಿಕಾರಿಗಳಿಂದ ನಾನು ಎಷ್ಟೋ ಸಲ ಕೇಳಿದ ಪ್ರಶ್ನೆ. ಇದ್ದಾರೆ. ಪಿಯುಸಿ ಮುಗಿಸಿದವರು, ಡಿ.ಇಡಿ ಮಾಡಿದವರು, ಡಿಗ್ರಿ ಆದವರು, ಹುಣಸೂರು, ಹೆಗ್ಗಡದೇವನಕೋಟೆ, ವಿರಾಜಪೇಟೆ, ಚಾಮರಾಜನಗರ ಎಲ್ಲ ಕಡೆ ಇದ್ದಾರೆ. ಅವರು ಏನು ಮಾಡುತ್ತಿದ್ದಾರೆ ಎಂದು ಒಮ್ಮೆ ಹೋಗಿ ನೋಡಿ. ಒಬ್ಬ ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್. ಇನ್ನೊಬ್ಬ ಸಫಾರಿ ಜೀಪಿನ ಡ್ರೈವರ್. ಬಿ.ಎ. ಮಾಡಿದ ಹುಡುಗಿ ಶುಂಠಿ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಾಳೆ. ಅವಳನ್ನು ನೋಡಿ ಅವಳ ತಂಗಿ ಏನು ಯೋಚನೆ ಮಾಡುತ್ತಾಳೆ? ಅಕ್ಕ ಅಷ್ಟು ಓದಿಯೂ ಇಲ್ಲೇ ಇದ್ದಾಳೆ, ನಾನು ಯಾಕೆ ಎಂಟನೇ ತರಗತಿಗೆ ಅಷ್ಟು ದೂರ ಹೋಗಲಿ ಎಂದು. ಆ ಅಕ್ಕ ಅದೇ ಆಶ್ರಮ ಶಾಲೆಯಲ್ಲಿ ಟೀಚರ್ ಆಗಿ ಸೀರೆ ಉಟ್ಟು ಬಂದರೆ, ಇಬ್ಬರ ಬದುಕೂ ಒಂದೇ ಆದೇಶದಿಂದ ಬದಲಾಗುತ್ತದೆ. ಹಾಡಿಯ ಯುವಕರು ಕುಡಿತಕ್ಕೆ ಬಿದ್ದರು ಎಂದು ಮಾತಾಡುವವರು ಬಹಳ. ಓದಿ ಬಂದ ಹುಡುಗನಿಗೆ ಊರಿನಲ್ಲಿ ಯಾವ ಕೆಲಸ ಕೊಟ್ಟಿದ್ದೇವೆ ಎಂದೂ ಅವರು ಕೇಳಿಕೊಳ್ಳಬೇಕು.

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಿರಬೇಕು, ಮೀಸಲಾತಿಯ ಸರದಿ ಪಟ್ಟಿಯಾದ ರೋಸ್ಟರ್ ಪ್ರಕಾರ ಆಗಬೇಕು ಎಂಬ ಮಾತು ಬರುತ್ತದೆ, ಗೊತ್ತಿದೆ. ಮೊದಲು ಸಹಾಯಕ ಶಿಕ್ಷಕರಾಗಿ ತೆಗೆದುಕೊಳ್ಳಿ. ಕೆಲಸದಲ್ಲಿರುವಾಗಲೇ ಟಿಇಟಿ ಬರೆಯಲು ತರಬೇತಿ ಕೊಡಿ, ಸಮಯ ಕೊಡಿ. ರೋಸ್ಟರ್ ವಿಷಯ ಇನ್ನೂ ಸೂಕ್ಷ್ಮ. 2022ರಲ್ಲಿ ಪರಿಶಿಷ್ಟ ವರ್ಗಗಳ ಮೀಸಲಾತಿ ಶೇ. 3ರಿಂದ ಶೇ. 7ಕ್ಕೆ ಏರಿತು, ಸಂತೋಷ. ಆದರೆ 42 ಲಕ್ಷ ಜನರಲ್ಲಿ ಬಹುಪಾಲು ನಾಯಕ ಸಮುದಾಯದವರು. ಅವರ ಹಕ್ಕಿನ ಮೇಲೆ ನನ್ನ ತಕರಾರಿಲ್ಲ, ಅವರೂ ಕಷ್ಟಪಟ್ಟು ಮೇಲೆ ಬಂದವರೇ. ಆದರೆ ಒಂದೇ ಪಟ್ಟಿಯಲ್ಲಿ, ಒಂದೇ ಪರೀಕ್ಷೆಯಲ್ಲಿ ಜೇನು ಕುರುಬರ ಹುಡುಗಿಗೆ ಸೀಟು ಸಿಗುವುದು ತೀರಾ ಅಪರೂಪ. ನಾನು ಕೇಳುತ್ತಿರುವ ಹುದ್ದೆಗೆ ಮುಖ್ಯ ಅರ್ಹತೆಯೇ ಆ ಮಕ್ಕಳ ಮಾತು ಬರುವುದು. ನೇಮಕಾತಿ ನಿಯಮದಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ.

ಈಗ ಏಳರಿಂದ ಎಂಟಕ್ಕೆ ಹೋಗುವ ದಾರಿ. ಇಲ್ಲಿ ಮಗುವನ್ನು ತಡೆಯುವುದು ಬಹಳ ಸಲ ಕಾಗದ. ಟಿಸಿ ತರಬೇಕು, ಜಾತಿ ಪ್ರಮಾಣಪತ್ರ ತರಬೇಕು, ಆಧಾರ್‌ನಲ್ಲಿ ಹೆಸರು ಸರಿ ಇರಬೇಕು, ಬ್ಯಾಂಕ್ ಖಾತೆಗೆ ಜೋಡಣೆ ಆಗಿರಬೇಕು. ನಾಡಕಚೇರಿಗೆ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಸರ್ವರ್ ಇಲ್ಲ, ನಾಳೆ ಬನ್ನಿ ಎಂದರೆ ಎರಡು ದಿನದ ಕೂಲಿ. ಶಾಲೆಗೆ ಸೇರಿಸುವಾಗ ಯಾರೋ ಗುಮಾಸ್ತರು 'ಜೇನು ಕುರುಬ' ಎಂದು ಬರೆಯುವ ಬದಲು ಬರೀ 'ಕುರುಬ' ಎಂದು ಬರೆದಿದ್ದರೆ ಮುಗಿಯಿತು, ಮೈಸೂರು ಜಿಲ್ಲೆಯಲ್ಲಿ ಆ ಮಗು ಪರಿಶಿಷ್ಟ ವರ್ಗದ ಲೆಕ್ಕಕ್ಕೇ ಬರುವುದಿಲ್ಲ. ಬೆಟ್ಟ ಕುರುಬ ಎಂಬ ಹೆಸರು ಕಾಡು ಕುರುಬದ ಪರ್ಯಾಯವಾಗಿ ಪಟ್ಟಿಗೆ ಸೇರುವ ಮಸೂದೆಗೆ ಸಂಸತ್ತು ಒಪ್ಪಿದ್ದೇ 2022ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ಆ ಮಕ್ಕಳು ತಾವು ಅಲ್ಲದ ಹೆಸರಿನಲ್ಲಿ ಅರ್ಜಿ ಹಾಕಬೇಕಿತ್ತು, ಇಲ್ಲವೇ ಸೌಲಭ್ಯ ಬಿಡಬೇಕಿತ್ತು.

ಕಾನೂನು ಇಲ್ಲಿ ಮಗುವಿನ ಪರವಾಗಿದೆ. ಟಿಸಿ ತಡವಾಯಿತು ಎಂದು ಸೇರಿಸಿಕೊಳ್ಳದೇ ಇರುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಎಂದು ವಾಪಸ್ ಕಳಿಸುವ ಹಾಗೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5 ಮತ್ತು 14ನೇ ಸೆಕ್ಷನ್‌ಗಳು ಇದನ್ನೇ ಹೇಳುತ್ತವೆ. ಆದರೂ ಶಾಲೆಯ ಬಾಗಿಲಲ್ಲಿ ನಡೆಯುವುದು ಬೇರೆ. ನೀವಿಬ್ಬರೂ ಕೂತು ಒಂದು ಜಂಟಿ ಸುತ್ತೋಲೆ ಹೊರಡಿಸಿದರೆ ಸಾಕು. ಆಶ್ರಮ ಶಾಲೆಯ ಕೊನೆಯ ತರಗತಿಯಲ್ಲಿರುವ ಪ್ರತಿ ಮಗುವಿನ ಕಾಗದಗಳನ್ನು ಫೆಬ್ರುವರಿಯೊಳಗೆ ಶಾಲೆಯಲ್ಲೇ ಕ್ಯಾಂಪ್ ಮಾಡಿ ಸರಿಮಾಡಬೇಕು. ಕಂದಾಯ ಇಲಾಖೆಯವರು ಅಲ್ಲಿಗೇ ಬರಬೇಕು. ಮುಂದಿನ ಶಾಲೆ ಯಾವುದು, ಹಾಸ್ಟೆಲ್ ಸೀಟು ಎಲ್ಲಿ ಎಂಬುದು ಬೇಸಿಗೆ ರಜೆಗೆ ಮುಂಚೆಯೇ ಮಗುವಿಗೆ, ಮನೆಯವರಿಗೆ ಗೊತ್ತಿರಬೇಕು. ಮಾರ್ಚ್‌ನಲ್ಲಿ ಒಂದು ದಿನ ಆ ಮಕ್ಕಳನ್ನು ಹೈಸ್ಕೂಲಿಗೆ ಕರೆದುಕೊಂಡು ಬನ್ನಿ. ತರಗತಿ ನೋಡಲಿ, ಹಾಸ್ಟೆಲ್ ನೋಡಲಿ, ನಮ್ಮ ಜೊತೆ ಊಟ ಮಾಡಲಿ. ಗೊತ್ತಿರುವ ಜಾಗಕ್ಕೆ ಬರಲು ಮಕ್ಕಳಿಗೆ ಅಷ್ಟು ಹೆದರಿಕೆ ಇರುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಜರೂರು. ಹಾಸ್ಟೆಲ್ ಸೀಟು ಸಿಗುವುದು ಒಂದು ತಿಂಗಳು ತಡವಾದರೆ ಆ ತಿಂಗಳಲ್ಲಿ ಮದುವೆಯ ಮಾತು ಬರುತ್ತದೆ. ಮದುವೆ ಮಾಡಿದವರ ಮೇಲೆ ಕೇಸು ಹಾಕುವುದಕ್ಕಿಂತ ಮೊದಲು ಆ ಸೀಟು ಸಿಗುವಂತೆ ಮಾಡುವುದು ಇಲಾಖೆಯ ಕೈಯಲ್ಲೇ ಇದೆ.

ತೋಟಕ್ಕೆ ಹೋಗುವ ಕುಟುಂಬಗಳ ಮಾತೂ ಹೇಳಬೇಕು. ನವೆಂಬರ್ ಬಂತೆಂದರೆ ಕೊಡಗಿನಲ್ಲಿ ಕಾಫಿ ಕುಯ್ಲು. ಮೇಸ್ತ್ರಿ ಹಾಡಿಗೆ ಬಂದು ಮುಂಗಡ ಕೊಟ್ಟು ಜೀಪಿನಲ್ಲಿ ತುಂಬಿಕೊಂಡು ಹೋಗುತ್ತಾನೆ. ತೋಟದ ಕೂಲಿಯವರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ ವಾಸ. ದೊಡ್ಡವರು ಕುಯ್ಯುವಾಗ ಮಕ್ಕಳು ನೆಲಕ್ಕೆ ಬಿದ್ದ ಹಣ್ಣು ಆರಿಸುತ್ತಾರೆ, ಇಲ್ಲವೇ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ. ಫೆಬ್ರುವರಿ, ಮಾರ್ಚ್‌ನಲ್ಲಿ ವಾಪಸ್ ಬರುವ ಹೊತ್ತಿಗೆ ಪರೀಕ್ಷೆ ಎದುರಿಗಿರುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂತು. ಮುಂಗಡ ತೀರುವವರೆಗೆ ತೋಟ ಬಿಡುವ ಹಾಗಿಲ್ಲ ಎನ್ನುವುದು ಆ ಕಾಯ್ದೆಯ ಪ್ರಕಾರ ಜೀತವೇ. ಅದನ್ನು ಕಾರ್ಮಿಕ ಇಲಾಖೆ, ಕಂದಾಯ ಇಲಾಖೆ ನೋಡಬೇಕು. ನಿಮ್ಮ ಇಲಾಖೆಗಳು ಮಾಡಬಹುದಾದದ್ದು ಇಷ್ಟು. ಮಗು ಎಲ್ಲಿಗೆ ಹೋಯಿತು ಎಂದು ಹಾಡಿಯ ಟೀಚರ್ ಬರೆದಿಡಬೇಕು, ಮತ್ತು ತೋಟದ ಹತ್ತಿರದ ಶಾಲೆ ಅದನ್ನು ಆ ನಾಲ್ಕು ತಿಂಗಳು ಯಾವ ಕಾಗದವನ್ನೂ ಕೇಳದೆ ಕೂರಿಸಿಕೊಳ್ಳಬೇಕು. ಮಕ್ಕಳ ವಿವರವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಸ್ಯಾಟ್ಸ್ ವ್ಯವಸ್ಥೆ ಹೇಗೂ ಇದೆ. ಮೈಸೂರಿನ ಮಗು ಕೊಡಗಿನಲ್ಲಿ ಓದಿದ ದಿನಗಳೂ ಹಾಜರಿಯಾಗಿ ಸೇರಬೇಕು.

ಆರೋಗ್ಯದ ವಿಷಯದಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಅದು ತರಗತಿಯೊಳಗೆ ಬರುತ್ತದೆ. ಸಿಕಲ್ ಸೆಲ್ ಕಾಯಿಲೆ. ರಕ್ತದ ಕೆಂಪು ಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಕೈಕಾಲು, ಬೆನ್ನು, ಎದೆ ತಡೆಯಲಾಗದ ಹಾಗೆ ನೋಯುತ್ತದೆ. ಚಳಿ ಜಾಸ್ತಿಯಾದರೆ, ನೀರು ಕಡಿಮೆ ಕುಡಿದರೆ, ಜ್ವರ ಬಂದರೆ ನೋವು ಕೆರಳುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಬರುವ ಕಾಯಿಲೆ. ನಮ್ಮ ಭಾಗದ ಆದಿವಾಸಿ ಸಮುದಾಯಗಳಲ್ಲಿ ಇದು ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ಅಭಿಯಾನ ಶುರು ಮಾಡಿ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟಿತು. ತಪಾಸಣೆ ಆದವರಿಗೆ ಕಾರ್ಡ್ ಕೊಡುತ್ತಾರೆ. ಆ ಕಾರ್ಡಿನಲ್ಲಿ ಏನಿದೆ ಎಂದು ಮಗು ಮಲಗುವ ಹಾಸ್ಟೆಲಿನ ವಾರ್ಡನ್‌ಗೆ ಗೊತ್ತಿದೆಯೇ? ಮಳೆಗಾಲದ ಬೆಳಿಗ್ಗೆ ತಣ್ಣೀರಿನಲ್ಲಿ ಸ್ನಾನ ಮಾಡಿಸಿ, ಕಾಲು ನೋವು ಎಂದು ಪ್ರಾರ್ಥನೆಗೆ ಬರದ ಮಗುವನ್ನು ಸೋಮಾರಿ ಎನ್ನುವುದು ನಡೆಯುತ್ತದೆ. ಬಿಸಿನೀರು, ಕುಡಿಯಲು ಬೇಕಾದಷ್ಟು ನೀರು, ಬೆಚ್ಚಗಿನ ಹೊದಿಕೆ, ಸಮಯಕ್ಕೆ ಮಾತ್ರೆ, ಇಷ್ಟರಿಂದಲೇ ಎಷ್ಟೋ ನೋವು ತಪ್ಪುತ್ತದೆ. ಕಾಡಿನೊಳಗಿನ ಕೆಲವು ರಸ್ತೆಗಳಿಗೆ ಸಂಜೆ 6ಕ್ಕೆ ಗೇಟು ಹಾಕುತ್ತಾರೆ. ಆ ಮೇಲೆ ಮಗುವಿಗೆ ನೋವು ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾವ ವಾಹನ ಬರುತ್ತದೆ ಎಂಬುದು ಪ್ರತಿ ಹಾಸ್ಟೆಲಿನಲ್ಲೂ ಮೊದಲೇ ತೀರ್ಮಾನ ಆಗಿರಬೇಕು. ಕಾಯಿಲೆಯ ವಿಷಯ ಎಲ್ಲರೆದುರು ಹೇಳಿ ಮಗುವಿಗೆ ಅವಮಾನ ಆಗದ ಹಾಗೂ ನೋಡಿಕೊಳ್ಳಬೇಕು.

ಎಲ್ಲಿ ನೋಯುತ್ತಿದೆ, ಹೇಗೆ ನೋಯುತ್ತಿದೆ ಎಂದು ಆರು ವರ್ಷದ ಮಗು ಹೇಳುವುದು ತನ್ನ ಮಾತಿನಲ್ಲೇ. ಹಾಸ್ಟೆಲಿನಲ್ಲಿ ಯಾರಾದರೂ ಮೈಮೇಲೆ ಕೈಹಾಕಿದರೆ ಹೇಳುವುದೂ ತನ್ನ ಮಾತಿನಲ್ಲೇ. ಗೋಡೆಗೆ ದೂರು ಪೆಟ್ಟಿಗೆ ನೇತುಹಾಕಿರುತ್ತೇವೆ, 1098 ಎಂದು ಬರೆದಿರುತ್ತೇವೆ. ಅಕ್ಷರ ಬಾರದ, ಫೋನ್ ಇಲ್ಲದ ಮಗುವಿಗೆ ಅದರಿಂದ ಏನು ಪ್ರಯೋಜನ? ರಾತ್ರಿ ಹಾಸ್ಟೆಲಿನಲ್ಲೇ ಉಳಿಯುವ, ಮಗುವಿನ ಮಾತು ಬಲ್ಲ ಒಬ್ಬ ಹೆಣ್ಣುಮಗಳು ಹುಡುಗಿಯರಿರುವ ಪ್ರತಿ ಆಶ್ರಮ ಶಾಲೆಯಲ್ಲೂ ಬೇಕೇ ಬೇಕು. ಇದರಲ್ಲಿ ಚೌಕಾಸಿ ಬೇಡ.

ಕಾಡೊಳಗಿನ ಹಾಡಿಗಳಲ್ಲಿ ಅಂಗನವಾಡಿ ಕಟ್ಟಡ ಯಾಕಿಲ್ಲ ಎಂದರೆ ಅರಣ್ಯ ಇಲಾಖೆ ಬಿಡುವುದಿಲ್ಲ ಎಂಬ ಉತ್ತರ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಸೆಕ್ಷನ್ ತೆಗೆದು ನೋಡಿ. ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರು, ರಸ್ತೆ, ವೃತ್ತಿ ತರಬೇತಿ ಕೇಂದ್ರ ಇವಕ್ಕೆಲ್ಲ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಅಂಗನವಾಡಿ, ಹಾಸ್ಟೆಲ್ ಕಟ್ಟಲು ವಿಶೇಷ ದುರ್ಬಲ ಬುಡಕಟ್ಟುಗಳಿಗಾಗಿ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಶುರು ಮಾಡಿದ ಪಿಎಂ ಜನಮನ್ ಯೋಜನೆಯಲ್ಲಿ ಹಣವೂ ಇದೆ. ಕಾಯ್ದೆ ಇದೆ, ಹಣ ಇದೆ. ಗ್ರಾಮಸಭೆ ಕರೆದು ಅರ್ಜಿ ಬರೆಸುವವರು ಬೇಕು.

2025ರ ಮೇ ತಿಂಗಳಲ್ಲಿ 52 ಜೇನು ಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ, ಅದು ತಮ್ಮ ಹಿರಿಯರ ಜಾಗ ಎಂದು ವಾಪಸ್ ಹೋದವು. ಆ ಭೂಮಿಯ ಹಕ್ಕಿನ ತೀರ್ಮಾನ ಆಗಬೇಕಾದ ಜಾಗದಲ್ಲಿ ಆಗಲಿ. ನನ್ನ ಮಟ್ಟಿಗೆ ಅವರ ಬೇಡಿಕೆ ನ್ಯಾಯವಾದದ್ದು. ಆದರೆ ಒಂದಕ್ಕೆ ಯಾವ ತೀರ್ಮಾನವೂ ಕಾಯಬೇಕಿಲ್ಲ. ದೊಡ್ಡವರ ಜೊತೆ ಸರ್ಕಾರಕ್ಕೆ ಎಂಥ ತಕರಾರಿದ್ದರೂ, ಆ ಜಾಗದಲ್ಲಿರುವ ಮಗುವಿನ ಅಂಗನವಾಡಿ ಊಟ, ಲಸಿಕೆ, ಶಾಲೆ ಒಂದು ದಿನವೂ ನಿಲ್ಲಬಾರದು. ಎಲ್ಲ ಜಿಲ್ಲಾಧಿಕಾರಿಗಳಿಗೂ ಇದನ್ನು ಬರವಣಿಗೆಯಲ್ಲಿ ಕಳಿಸಿ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಚಳಿಯಲ್ಲಿ ಬಯಲಿಗೆ ಬಿದ್ದವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದರು.

ಕೊನೆಗೆ, ಖರ್ಚಿಲ್ಲದ ಒಂದು ಕೆಲಸ. ಪ್ರತಿ ವರ್ಷ ಆಗಸ್ಟ್ 9ರಂದು ವಿಶ್ವ ಆದಿವಾಸಿ ದಿನ ಆಚರಿಸುತ್ತೀರಿ. ಅವತ್ತು ಒಂದು ಪಟ್ಟಿ ಪ್ರಕಟಿಸಿ. ಯಾವ ಆಶ್ರಮ ಶಾಲೆಯಿಂದ ಎಷ್ಟು ಮಕ್ಕಳು ಕೊನೆಯ ತರಗತಿ ಮುಗಿಸಿದರು, ಅವರಲ್ಲಿ ಎಷ್ಟು ಮಕ್ಕಳು ಈಗ ಮುಂದಿನ ಶಾಲೆಯಲ್ಲಿದ್ದಾರೆ, ಸಮುದಾಯವಾರು, ಗಂಡು ಹೆಣ್ಣು ಬೇರೆ ಬೇರೆಯಾಗಿ. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಎರಡೂ ಇಲಾಖೆಯ ಸಹಿ ಅದಕ್ಕೆ ಇರಲಿ. ಆಗ ಕೈತಪ್ಪಿದ ಮಕ್ಕಳು ಯಾರ ಹೊಣೆ ಎಂಬ ಪ್ರಶ್ನೆ ಬರುವುದಿಲ್ಲ.

ಹಾಡಿಯ ಟೀಚರ್‌ಗಳ ಹುದ್ದೆಗೆ ಈ ಶೈಕ್ಷಣಿಕ ವರ್ಷದೊಳಗೆ ಆದೇಶ ಹೊರಡಿಸಿ. ಮೊದಲು ಹೆಗ್ಗಡದೇವನಕೋಟೆ, ಹುಣಸೂರು, ವಿರಾಜಪೇಟೆ ಮತ್ತು ಪೊನ್ನಂಪೇಟೆ ತಾಲ್ಲೂಕುಗಳಲ್ಲಿ ಶುರು ಮಾಡಿದರೂ ಸರಿ. ಅರ್ಜಿ ನಮೂನೆಯನ್ನು ವೆಬ್‌ಸೈಟಿನಲ್ಲಿ ಮಾತ್ರ ಹಾಕಬೇಡಿ. ಹಾಡಿಯ ಗ್ರಾಮಸಭೆಯಲ್ಲಿ ಓದಿ ಹೇಳಿಸಿ, ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯಲ್ಲೂ ಅಂಗನವಾಡಿಯಲ್ಲೂ ಇಡಿಸಿ. ಭರ್ತಿ ಮಾಡಿಕೊಡಲು ನನ್ನಂಥ ನಿವೃತ್ತ ಟೀಚರ್‌ಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತೇವೆ. ಕರೆದರೆ ಬರುತ್ತೇವೆ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕಿ,
ಹೆಗ್ಗಡದೇವನಕೋಟೆ ತಾಲ್ಲೂಕು

ಪ್ರತಿ: ಅಧ್ಯಕ್ಷರು, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು